ಪಾರ್ಲರಿನಿಂದ ವಾರ್ಡಿನವರೆಗೆ: ಚರ್ಮದ ಆರೈಕೆಯ ಉದ್ಯೋಗಗಳು
(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಮಾಡಿದ ಭಾಷಣ)

 

ನಾವು ಶಾಲೆಯಲ್ಲಿ ವಿಜ್ಞಾನ ಹೇಳಿಕೊಟ್ಟವರು. ನಿವೃತ್ತಿಯ ನಂತರ ಇಲ್ಲಿಗೆ ಬರುವ ಅರ್ಜಿಗಳನ್ನು ಓದುತ್ತಿದ್ದೇವೆ. ಎಸ್ಸೆಸ್ಸೆಲ್ಸಿ ಮುಗಿಸಿದ ಹೆಣ್ಣುಮಕ್ಕಳ ಅರ್ಜಿಗಳಲ್ಲಿ ಬ್ಯೂಟಿಷಿಯನ್ ಕೋರ್ಸ್ ಎಂಬ ಮಾತು ಮತ್ತೆ ಮತ್ತೆ ಕಾಣುತ್ತದೆ. ಯಾಕಮ್ಮಾ ಎಂದು ಕೇಳಿದರೆ ತಾಯಂದಿರೇ ಉತ್ತರಿಸುತ್ತಾರೆ: ಬೇಗ ಮುಗಿಯುತ್ತದೆ, ಮನೆಯಲ್ಲೇ ಮಾಡಬಹುದು, ಹೆಂಗಸರ ನಡುವಿನ ಕೆಲಸ. ಮೂರೂ ನಿಜವೇ. ಆ ಕೆಲಸವನ್ನು ಹಗುರವಾಗಿ ಕಾಣುವವರ ಜೊತೆ ನಾವಿಲ್ಲ.

ಕಲಿಯುವುದಾದರೆ ಸರಿಯಾಗಿ ಕಲಿಯಲಿ. ಐಟಿಐಯಲ್ಲಿ ಕಾಸ್ಮೆಟಾಲಜಿ ಎಂಬ ಒಂದು ವರ್ಷದ ಟ್ರೇಡ್ ಇದೆ, ಎಸ್ಸೆಸ್ಸೆಲ್ಸಿ ಪಾಸಾಗಿದ್ದರೆ ಸಾಕು. ಮೂರು ವಾರದ ತರಬೇತಿ ಕೊಟ್ಟು ಗೋಡೆಗೆ ತೂಗುಹಾಕುವ ಸರ್ಟಿಫಿಕೇಟ್ ಮಾರುವ ಕಡೆ ದುಡ್ಡು ಸುರಿಯುವುದಕ್ಕಿಂತ ಇದು ಎಷ್ಟೋ ಮೇಲು. ಪಾರ್ಲರಿನ ಹುಡುಗಿಗೆ ಚರ್ಮದ ಬಗ್ಗೆ ಗೊತ್ತಿರಬೇಕಾದದ್ದು ಬಹಳ. ಮದುವೆ ಮನೆಯಲ್ಲಿ ಬೇಗ ಕಪ್ಪಾಗುವ 'ಕಪ್ಪು ಮೆಹಂದಿ' ಕೇಳುತ್ತಾರಲ್ಲ, ಅದರಲ್ಲಿ ಹೆಚ್ಚಾಗಿ ಕೂದಲ ಬಣ್ಣಕ್ಕೆ ಹಾಕುವ ಪಿಪಿಡಿ ಎಂಬ ರಾಸಾಯನಿಕ ಇರುತ್ತದೆ. ಕೆಲವರ ಕೈಯಲ್ಲಿ ಚಿತ್ತಾರ ಇದ್ದ ಜಾಗವೇ ಬೊಬ್ಬೆ ಏಳುತ್ತದೆ. ಗೋರಂಟಿ ಸೊಪ್ಪಿನ ನಿಜವಾದ ಬಣ್ಣ ಕೆಂಪು, ಕಪ್ಪಲ್ಲ. ಮುಖ ಬೆಳ್ಳಗಾಗಲಿ ಎಂದು ಮೆಡಿಕಲ್ ಶಾಪಿನಿಂದ ತಂದು ತಿಂಗಳುಗಟ್ಟಲೆ ಹಚ್ಚುವ ಸ್ಟೀರಾಯ್ಡ್ ಮುಲಾಮಿನದ್ದೂ ಇದೇ ಕತೆ. ಮೊದಲು ಹೊಳಪು ಬರುತ್ತದೆ, ಆಮೇಲೆ ಚರ್ಮ ತೆಳುವಾಗಿ ಕೆಂಪೇರುತ್ತದೆ, ಮೊಡವೆ ಏಳುತ್ತವೆ, ರೋಮ ಬೆಳೆಯುತ್ತದೆ. ಇಂಥ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು 2018ರಲ್ಲೇ ನಿಯಮ ಬಂದಿದೆ. ಗಿರಾಕಿಗೆ 'ಇದನ್ನು ಹಚ್ಚಬೇಡಿ, ಚರ್ಮದ ಡಾಕ್ಟರಿಗೆ ತೋರಿಸಿ' ಎಂದು ಹೇಳಬಲ್ಲ ಹುಡುಗಿಯೇ ಒಳ್ಳೆಯ ಬ್ಯೂಟಿಷಿಯನ್. ಇಂಜೆಕ್ಷನ್, ಲೇಸರ್ ಅವಳ ಕೆಲಸವಲ್ಲ. ಯಾವ ಸಂಸ್ಥೆ ಅದನ್ನೂ ಕಲಿಸುತ್ತೇವೆ ಎನ್ನುತ್ತದೋ ಅಲ್ಲಿಂದ ಎದ್ದು ಬನ್ನಿ.

ಆದರೆ ಚರ್ಮದ ಆರೈಕೆ ಮುಖಕ್ಕೇ ಮುಗಿಯುವುದಿಲ್ಲ. ಸರಕಾರಿ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿಗೆ ಹೋಗಿ ನೋಡಿ. ದೊಡ್ಡವರಿಗೆ ಒಂದು ತೋಳು ಪೂರ್ತಿ ಸುಟ್ಟರೆ ಮೈಯ ಶೇ. 9, ಒಂದು ಕಾಲು ಪೂರ್ತಿ ಸುಟ್ಟರೆ ಶೇ. 18 ಎಂದು ಲೆಕ್ಕ. ಎಷ್ಟು ದ್ರವ ಏರಿಸಬೇಕು ಎಂಬುದು ಆ ಲೆಕ್ಕದ ಮೇಲೆ ನಿಂತಿದೆ. ಪಾರ್ಶ್ವವಾಯು ಬಡಿದು ಮಲಗಿದ ಅಜ್ಜನನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಿನ ಕೆಳಗೆ ಹಾಸಿಗೆ ಹುಣ್ಣು ಬೀಳಬಹುದು. ಅದು ಶುರುವಾಗುವಾಗ ಚರ್ಮ ಕೆಂಪಾಗುತ್ತದೆ ಎಂದು ಪುಸ್ತಕಗಳು ಬರೆಯುತ್ತವೆ. ನಮ್ಮಂಥ ಕಂದು ಮೈಯಲ್ಲಿ ಆ ಕೆಂಪು ಕಾಣುವುದೇ ಕಷ್ಟ. ಅಲ್ಲಿ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಮುಟ್ಟಿ ತಿಳಿಯಬೇಕು. ಸಕ್ಕರೆ ಕಾಯಿಲೆಯವರ ಪಾದದ ಹುಣ್ಣು, ಕುಷ್ಠದಿಂದ ಸ್ಪರ್ಶ ಕಳೆದುಕೊಂಡ ಕೈಕಾಲು, ಇವೆಲ್ಲ ನರ್ಸಿನ ಕೈಗೆ ಬರುತ್ತವೆ. ಚರ್ಮವನ್ನು ಬೆರಳಿನಿಂದ ಓದುವ ಅಭ್ಯಾಸ ಇದ್ದವಳಿಗೆ ಇಲ್ಲಿ ಮೊದಲೇ ಅರ್ಧ ಪಾಠ ಬಂದಿರುತ್ತದೆ.

ಈಗ ಮುಖ್ಯ ವಿಷಯ. ಪಾರ್ಲರ್ ಸರ್ಟಿಫಿಕೇಟ್ ಹಿಡಿದು ನರ್ಸಿಂಗಿಗೆ ಹೋಗಲಾಗದು. ಬಾಗಿಲು ತೆರೆಯುವುದು ಪಿಯುಸಿ. ಎರಡು ವರ್ಷದ ಎಎನ್‌ಎಂಗೂ ಪಿಯುಸಿ ಬೇಕು. ಮೂರು ವರ್ಷದ ಜಿಎನ್‌ಎಂಗೆ ಯಾವ ವಿಭಾಗವಾದರೂ ಸರಿ, ಇಂಗ್ಲಿಷ್ ಇರಬೇಕು, ಶೇ. 40 ಅಂಕ ಬೇಕು. ಕಲಾ ವಿಭಾಗದ ಮಕ್ಕಳು ನರ್ಸ್ ಆಗಲಾರರೆಂಬುದು ಸುಳ್ಳು. ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗಿಗೆ ಮಾತ್ರ ಭೌತ, ರಸಾಯನ, ಜೀವಶಾಸ್ತ್ರ ಓದಿರಬೇಕು. ಸಾಮಾನ್ಯ ವರ್ಗಕ್ಕೆ ಶೇ. 45. ಜಿಎನ್‌ಎಂ ಆದವರು ಮುಂದೆ ಎರಡು ವರ್ಷ ಓದಿ ಪದವಿಯನ್ನೂ ಪಡೆಯಬಹುದು. ಆದ್ದರಿಂದ ಎಸ್ಸೆಸ್ಸೆಲ್ಸಿಯ ನಂತರ ಪಾರ್ಲರ್ ಕೆಲಸ ಕಲಿಯುತ್ತಿರುವ ಮಗಳ ಪಿಯುಸಿಯನ್ನು ನಿಲ್ಲಿಸಬೇಡಿ. ಕಾಲೇಜಿಗೆ ಕಳಿಸಲಾಗದಿದ್ದರೆ ಮನೆಯಲ್ಲೇ ಓದಿ ಎನ್‌ಐಒಎಸ್ ಮೂಲಕ ಬರೆಯಲಿ. ಇಪ್ಪತ್ತರ ವಯಸ್ಸಿನಲ್ಲಿ ಅವಳ ಮನಸ್ಸು ಬದಲಾದರೆ, ಅಥವಾ ಮನೆಯ ಪರಿಸ್ಥಿತಿ ಬದಲಾದರೆ, ಆ ಒಂದು ಅಂಕಪಟ್ಟಿ ಬೇಕಾಗುತ್ತದೆ.

ಪೋಷಕರ ಅಂಜಿಕೆ ನಮಗೆ ಗೊತ್ತು. ರಾತ್ರಿ ಪಾಳಿ ಇದೆ, ಹಾಸ್ಟೆಲ್ ಇದೆ, ಗಂಡಸು ರೋಗಿಗಳೂ ಇರುತ್ತಾರೆ. ಇಲ್ಲವೆಂದು ಹೇಳಿ ನಿಮ್ಮನ್ನು ಒಪ್ಪಿಸುವುದು ಸರಿಯಲ್ಲ. ಗಾಯಾಳುಗಳ ಶುಶ್ರೂಷೆಗೆ ಡೇರೆ ಹಾಕಿದ್ದ ರುಫೈದಾ ಅವರ ಹೆಸರು ನೀವು ಕೇಳಿಯೇ ಇದ್ದೀರಿ, ಅದನ್ನು ಮತ್ತೆ ವಿವರಿಸುವುದಿಲ್ಲ. ಕಾಲೇಜಿಗೆ ಹೋಗಿ ಹಾಸ್ಟೆಲ್ ನೋಡಿ, ವಾರ್ಡನ್ ಜೊತೆ ಮಾತಾಡಿ, ಉಡುಪಿನ ನಿಯಮವನ್ನು ಸೇರುವ ಮುಂಚೆ ಕೇಳಿ. ಕಾಲೇಜಿಗೆ ರಾಜ್ಯ ನರ್ಸಿಂಗ್ ಕೌನ್ಸಿಲಿನ ಮಾನ್ಯತೆ ಇದೆಯೇ ಎಂಬುದನ್ನಂತೂ ವಿಚಾರಿಸಲೇಬೇಕು. ಕೌನ್ಸಿಲಿನಲ್ಲಿ ನೋಂದಣಿ ಆಗದವರು ನರ್ಸ್ ಅಲ್ಲ. ಸೀಟು ಕೊಡಿಸುತ್ತೇನೆ ಎಂದು ಬರುವವರ ಕೈಗೆ ಮೂಲ ಅಂಕಪಟ್ಟಿ ಕೊಡಲೇಬೇಡಿ.

ದಾನಿಗಳಲ್ಲಿ ಒಂದು ಕೋರಿಕೆ. ಸಣ್ಣ ಕೋರ್ಸಿಗೆ ಒಮ್ಮೆ ಕೊಟ್ಟರೆ ಮುಗಿಯಿತು, ಫೋಟೋ ಸಹ ಬೇಗ ಬರುತ್ತದೆ. ನರ್ಸಿಂಗ್ ಹಾಗಲ್ಲ. ಮೊದಲ ವರ್ಷಕ್ಕೆ ಹಣ ಸಿಕ್ಕಿ ಎರಡನೆಯ ವರ್ಷಕ್ಕೆ ಸಿಗದಿದ್ದರೆ ಆ ಹುಡುಗಿ ಎಲ್ಲಿಯೂ ಸೇರದವಳಾಗುತ್ತಾಳೆ. ಹತ್ತು ಮಂದಿಗೆ ಒಂದೊಂದು ವರ್ಷ ಕೊಡುವ ಬದಲು ಮೂವರನ್ನು ಕೊನೆಯವರೆಗೆ ಓದಿಸೋಣ ಎಂಬುದು ನಮ್ಮ ಅಭಿಪ್ರಾಯ. ಪಟ್ಟಿ ಚಿಕ್ಕದಾಗುತ್ತದೆ, ಅದಕ್ಕೆ ಬೇಸರಿಸಬೇಡಿ.

ಅರ್ಜಿ ನಮೂನೆ ಹೊರಗಿನ ಮೇಜಿನ ಮೇಲಿದೆ. ಅಂಕಪಟ್ಟಿಯ ನಕಲು, ಆದಾಯ ಪ್ರಮಾಣಪತ್ರ ಜೊತೆಗಿರಲಿ. ಸಂದರ್ಶನಕ್ಕೆ ತಂದೆತಾಯಿ ಮಾತ್ರ ಬಂದರೆ ಸಾಲದು, ಮಗಳನ್ನೂ ಕರೆತನ್ನಿ. ಏನು ಓದಬೇಕು ಎಂದು ನಾವು ಕೇಳುವುದು ಅವಳನ್ನೇ.