ನೆಲವಿಲ್ಲದವರಿಗೂ ನೆಲೆ
(ಸುವರ್ಣ ಮಹೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ಶಾಲೆಯ ಹಬ್ಬದಲ್ಲಿ ಶಾಲಾ ಕಟ್ಟಡದ ಬಗ್ಗೆ ಮಾತನಾಡುವುದು ವಾಡಿಕೆ. ನಾನು ಇಲ್ಲಿಗೆ ಮಕ್ಕಳನ್ನು ಕಳುಹಿಸಿದ ಮನೆಗಳ ಬಗ್ಗೆ, ಅದರಲ್ಲೂ ಇನ್ನೊಬ್ಬರ ಗದ್ದೆಯಲ್ಲಿ ದುಡಿದವರ ಮನೆಗಳ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

ಪಣಂಬೂರಿನಲ್ಲಿ ನವಮಂಗಳೂರು ಬಂದರಿನ ಕೆಲಸ 1962ರಲ್ಲಿ ಶುರುವಾಯಿತು. 1975ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಆ ಕಡೆಯ ಎಷ್ಟೋ ಕುಟುಂಬಗಳು ಕಾಟಿಪಳ್ಳ, ಕೃಷ್ಣಾಪುರಕ್ಕೆ ಹೋಗಿ ನೆಲೆಸಿದವು. ಬಂದರಿನಿಂದ ಜಿಲ್ಲೆ ಬೆಳೆಯಿತು, ಇದು ನಿಜ. ಆದರೆ ಆಗ ಇದ್ದುದು 1894ರ ಭೂಸ್ವಾಧೀನ ಕಾಯ್ದೆ. ಅದು ಪರಿಹಾರ ಕೊಡುತ್ತಿದ್ದುದು ಭೂಮಿಯಲ್ಲಿ ಹಕ್ಕಿದ್ದವರಿಗೆ. ಧಣಿಗಳ ಜಾಗದ ಮೂಲೆಯಲ್ಲಿ ಮುಳಿಹುಲ್ಲಿನ ಗುಡಿಸಲು ಕಟ್ಟಿಕೊಂಡು ನೇಜಿ ನೆಟ್ಟ ಕೂಲಿಯವರ ಹೆಸರು ಪಹಣಿಯಲ್ಲಿ ಇರುವುದಿಲ್ಲ. ಗದ್ದೆ ಹೋದರೆ ಅವರಿಗೆ ಕೆಲಸವೂ ಹೋಯಿತು, ಮಲಗುವ ಜಾಗವೂ ಹೋಯಿತು.

ಉಳುವವನನ್ನು ಒಡೆಯನನ್ನಾಗಿಸಿದ ಭೂಸುಧಾರಣೆ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಆ ಕಾಯ್ದೆಯ 38ನೇ ಕಲಮು, ಇನ್ನೊಬ್ಬರ ಜಾಗದಲ್ಲಿ ವಾಸವಿದ್ದ ಕೃಷಿ ಕಾರ್ಮಿಕರಿಗೆ ಮನೆ ಮತ್ತು ಮನೆಯಡಿಯ ಹಕ್ಕು ಸಿಗಲು ದಾರಿ ಮಾಡಿತು. ಅದಕ್ಕೂ ಮೊದಲೇ ಜಾಗ ಬಿಟ್ಟವರ ಪಾಲಿಗೆ ಅದು ಪೈರು ಒಣಗಿದ ಮೇಲೆ ಬಂದ ಮಳೆ.

ಈಗ ಕಾನೂನು ಬದಲಾಗಿದೆ. 2014ರ ಜನವರಿ 1ರಿಂದ ಜಾರಿಯಲ್ಲಿರುವ ಹೊಸ ಭೂಸ್ವಾಧೀನ ಕಾಯ್ದೆ, ಕೃಷಿ ಕಾರ್ಮಿಕರನ್ನೂ ಗೇಣಿದಾರರನ್ನೂ ಬಾಧಿತ ಕುಟುಂಬಗಳೆಂದು ಒಪ್ಪುತ್ತದೆ. ಮನೆ ಕಳೆದುಕೊಂಡರೆ ಕಟ್ಟಿದ ಮನೆ ಕೊಡಬೇಕು. ನಗರದಲ್ಲಾದರೆ ಅದು 50 ಚದರ ಮೀಟರಿಗೆ ಕಡಿಮೆ ಇರಬಾರದು. ಸ್ವಂತ ನಿವೇಶನ ಇಲ್ಲದವರೂ, ಅಧಿಸೂಚನೆಗೆ ಮೊದಲು ಮೂರು ವರ್ಷ ಅಲ್ಲೇ ವಾಸವಿದ್ದರೆ, ಇದಕ್ಕೆ ಅರ್ಹರು.

ಆದರೆ ಮೂರು ವರ್ಷ ಇದ್ದೆವೆಂದು ತೋರಿಸುವುದು ಹೇಗೆ? ಪಡಿತರ ಚೀಟಿ, ಮತದಾರರ ಪಟ್ಟಿಯ ಜೊತೆಗೆ ಇನ್ನೊಂದು ಪುಸ್ತಕವಿದೆ. ಅದು ಶಾಲೆಯ ದಾಖಲಾತಿ ರಿಜಿಸ್ಟರು. ತಂದೆಯ ಹೆಸರು, ಊರು, ಸೇರಿದ ದಿನ, ಬಿಟ್ಟ ದಿನ ಎಲ್ಲವೂ ಅದರಲ್ಲಿವೆ. ಪಹಣಿಯಲ್ಲಿ ಹೆಸರಿಲ್ಲದ ಮನೆಯವರ ಹೆಸರು ಇಲ್ಲಿದೆ.

ಮನೆಯ ಬಗ್ಗೆಯೂ ಒಂದು ಮಾತು. ನಮ್ಮಲ್ಲಿ ಐದು ಸೆಂಟ್ಸ್ ಎಂದರೆ 2,178 ಚದರಡಿ. ಅದೇ ಜಾಗವನ್ನು ಅಗ್ಗಕ್ಕೆ ಸಿಗುತ್ತದೆಂದು ದೂರದ ಗುಡ್ಡೆಯಲ್ಲಿ ಕೊಟ್ಟರೆ ದಿನದ ಕೂಲಿ ಬಸ್ಸಿನಲ್ಲೇ ಕರಗುತ್ತದೆ. ಕೆಲಸ ಇರುವ ಕಡೆ, ನೀರು ಸಿಗುವ ಕಡೆ ಜಾಗ ಬೇಕು. ಕಟ್ಟಲು ನಮ್ಮ ಮುರಕಲ್ಲು ಇದೆ. 1865ರಲ್ಲಿ ಬಾಸೆಲ್ ಮಿಷನ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಊರು ಇದು. ಹಳೆ ಮನೆ ಬಿಚ್ಚುವಾಗ ಸಿಗುವ ಗಟ್ಟಿ ಹಂಚು ಇನ್ನೊಂದು ಮಾಡಿಗೆ ಆದೀತು. ಮೊದಲು ಒಂದು ಕೋಣೆ, ಅಡುಗೆಮನೆ, ಜಗಲಿ, ಶೌಚಾಲಯ ಸಾಕು. ಪಂಚಾಂಗ ಮಾತ್ರ ಗಟ್ಟಿಯಿರಲಿ. ಮಕ್ಕಳು ದುಡಿಯುವ ಕಾಲಕ್ಕೆ ಮನೆಯನ್ನು ಅವರೇ ಬೆಳೆಸುತ್ತಾರೆ.

ನನ್ನ ಕೋರಿಕೆ ಎರಡೇ. ಮುಖ್ಯೋಪಾಧ್ಯಾಯರು ಹಳೆಯ ರಿಜಿಸ್ಟರುಗಳನ್ನು ಗೆದ್ದಲು ಮುಟ್ಟದಂತೆ ಕಾಪಾಡಬೇಕು, ಅವುಗಳ ಪ್ರತಿ ತೆಗೆದಿಡಬೇಕು. ನಮ್ಮ ಹಳೆ ವಿದ್ಯಾರ್ಥಿಗಳಲ್ಲಿ ವಕೀಲರು, ಸರ್ವೆಯವರು, ಇಂಜಿನಿಯರುಗಳು ಇರುವಿರಿ. ತಿಂಗಳಿಗೊಂದು ಭಾನುವಾರ ಶಾಲೆಯ ಜಗಲಿಯಲ್ಲಿ ಕುಳಿತು, ಹಕ್ಕುಪತ್ರ ಸಿಗದವರ ಅರ್ಜಿ ಬರೆದುಕೊಡಿ. ಇಷ್ಟಕ್ಕೆ ಸರಕಾರದ ಅನುದಾನ ಬೇಡ.