ಲಕ್ಕಿ ತಪ್ಪಲ ಬಾವು ಇಳಿಸುತ್ತದೆಯೇ?



ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿ ದುಡಿಯುವವರೇ ಹೆಚ್ಚು. ಇಳಕಲ್ಲಿನಲ್ಲಿ ಕುಣಿಮಗ್ಗದಾಗ ಕೂತು ಸೀರೆ ನೇಯುತ್ತೇವೆ. ಬಾದಾಮಿ, ಹುನಗುಂದದ ಹೊಲಗಳಲ್ಲಿ ಬಗ್ಗಿ ಕಳೆ ತೆಗೆಯುತ್ತೇವೆ. ಮೊಣಕಾಲಿಗೆ ಬಾವು ಬರುತ್ತದೆ. ಆಗ ಹಿರಿಯರು ಅಂತಾರೆ: “ಹಳ್ಳದ ದಂಡಿ ಲಕ್ಕಿ ತಪ್ಪಲ ಕುದಿಸಿ ಕಾವು ಕೊಡ್ರಿ. ಬಾವು ಇಳೀತೈತಿ.”

ಈ ಮಾತು ನಿಜವೇ? ವಿಜ್ಞಾನಿಗಳು ಪರೀಕ್ಷೆ ಮಾಡಿ ನೋಡಿದರು. ಒಂದು ಗುಂಪಿನ ಇಲಿಗಳಿಗೆ ಎಲೆಯ ಸಾರ ಕುಡಿಸುತ್ತಾರೆ. ಇನ್ನೊಂದು ಗುಂಪಿಗೆ ಬರೀ ನೀರು. ಆಮೇಲೆ ಎಲ್ಲ ಇಲಿಗಳ ಪಾದಕ್ಕೆ ಬಾವು ಬರಿಸುವ ಸೂಜಿ ಚುಚ್ಚುತ್ತಾರೆ. ತಾಸಿಗೊಮ್ಮೆ ಬಾವು ಅಳೆಯುತ್ತಾರೆ.

ಎರಡು ಗುಂಪು ಯಾಕೆ ಬೇಕು? ಬಾವು ತಾನಾಗಿಯೂ ಇಳಿಯಬಹುದು. ಹೋಲಿಸಿ ನೋಡಿದರೇ ಎಲೆಯ ಗುಣ ತಿಳಿಯುತ್ತದೆ. ಶ್ರೀಲಂಕಾದ ವಿಜ್ಞಾನಿಗಳು 2003ರಲ್ಲಿ ಇಂಥ ಪರೀಕ್ಷೆಯ ಫಲ ಪ್ರಕಟಿಸಿದರು. ಲಕ್ಕಿ ಸಾರ ಕುಡಿದ ಇಲಿಗಳಿಗೆ ಬಾವು ಕಡಿಮೆ ಇತ್ತು.

ಹಿರಿಯರ ಮಾತಿನಲ್ಲಿ ಹುರುಳಿದೆ. ಆದರೆ ಇಲಿ ಬೇರೆ, ಮನುಷ್ಯರು ಬೇರೆ. ನಾವು ಎಷ್ಟು ಕುಡಿಯಬೇಕು? ಬಸುರಿಯರು ಕುಡಿಯಬಹುದೇ? ಇಲಿಯ ಪರೀಕ್ಷೆ ಅದನ್ನು ಹೇಳುವುದಿಲ್ಲ. ಆದ್ದರಿಂದ ಚರ್ಮ ಸುಡದ ಹಾಗೆ ಕಾವು ಕೊಡೋಣ. ಮನಸ್ಸಿಗೆ ಬಂದಷ್ಟು ಕಷಾಯ ಕುಡಿಯೋದು ಬೇಡ.

ಕೀಲು ಕೆಂಪಾಗಿ ಜ್ವರ ಬಂದರೆ ಕಾವು ಕೊಡುತ್ತ ಕೂಡಬಾರದು. ಮುಖ, ಪಾದ ಬಾತರೂ ಅಷ್ಟೇ. ತಡಮಾಡದೆ ದವಾಖಾನೆಗೆ ಹೋಗೋಣ. ಯಾವ ತಪ್ಪಲ ಹಚ್ಚಿದೆವು, ಏನು ಕುಡಿದೆವು, ಡಾಕ್ಟರಿಗೆ ನಾಚದೆ ಹೇಳೋಣ.

ಹಿರಿಯರ ಮಾತು ಕೇಳೋಣ. ಪರೀಕ್ಷೆ ಆಗಿದೆಯೇ ಅಂತಲೂ ಕೇಳೋಣ.