ಕುಕ್ಕರ್‌ನಲ್ಲಿ ಮೊದಲು ಸೋಲಬೇಕಾದ ಭಾಗ ಯಾವುದು?

ಬಸ್ಸಲ್ಲಿ, ಮೆಟ್ರೊದಲ್ಲಿ, ಇಯರ್‌ಫೋನ್ ಹಾಕ್ಕೊಂಡು ಅಡುಗೆ ಮಾಡ್ತಾ ನೀವು ಇದನ್ನು ಕೇಳ್ತಿರಬಹುದು. ಅಡುಗೆಮನೆಯಲ್ಲೇ ಇದ್ರೆ ಇನ್ನೂ ಒಳ್ಳೇದು. ಯಾಕಂದ್ರೆ ಇವತ್ತು ನಾವು ಪ್ರೆಶರ್ ಕುಕ್ಕರ್ ಒಂದನ್ನು ಮಾತಲ್ಲೇ ಬಿಚ್ಚಿ ನೋಡೋಣ.

ವಿಷಯ ಏನಪ್ಪಾ ಅಂದ್ರೆ, ಒಂದು ವಸ್ತುವನ್ನು ಡಿಸೈನ್ ಮಾಡುವವರು ಯಾವ ಭಾಗಕ್ಕೆ ಯಾವ ಮೆಟೀರಿಯಲ್ ಹಾಕಬೇಕು ಅಂತ ಹೇಗೆ ತೀರ್ಮಾನ ಮಾಡ್ತಾರೆ? ಇದು ಕಾಲೇಜಿನ ಪಾಠದ ಥರ ಕೇಳಿಸಬಹುದು. ಆದ್ರೆ ಇದೇ ವಿಷಯ ಗೊತ್ತಿಲ್ಲದೆ ನಾವು ಪಾತ್ರೆ ಅಂಗಡಿಗೆ ಹೋಗಿ, "ಅಣ್ಣಾ, ಇದು ಪದೇ ಪದೇ ಹೋಗ್ತಿದೆ, ಸ್ವಲ್ಪ ಗಟ್ಟಿದು ಕೊಡಿ" ಅಂತ ಕೇಳ್ತೀವಿ. ಕುಕ್ಕರ್‌ನ ಒಂದು ಭಾಗದ ವಿಷಯದಲ್ಲಿ ಈ ಮಾತು ಜೀವಕ್ಕೇ ಅಪಾಯ. ಅದು ಯಾವ ಭಾಗ ಅಂತ ಆಮೇಲೆ ಹೇಳ್ತೀನಿ.

ಮೊದಲು 'ಗಟ್ಟಿ' ಅನ್ನೋ ಪದವನ್ನೇ ನೋಡೋಣ. ಗಾಜಿನ ಬಳೆ ಗಟ್ಟಿನಾ? ಉಗುರಿನಿಂದ ಗೀರಿದ್ರೆ ಗೀರೇ ಬೀಳಲ್ಲ. ಆದ್ರೆ ಕೈಜಾರಿ ನೆಲಕ್ಕೆ ಬಿದ್ರೆ ಚೂರು ಚೂರು. ಪ್ಲಾಸ್ಟಿಕ್ ಬಕೆಟ್ ಗಟ್ಟಿನಾ? ಎತ್ತಿ ಹಾಕಿದ್ರೂ ಒಡೆಯಲ್ಲ, ಆದ್ರೆ ಮೊಳೆ ತಾಗಿದ್ರೆ ಗೀರು. ಅಂದ್ರೆ ನಾವು ಒಂದೇ ಪದದಲ್ಲಿ ನಾಲ್ಕು ಬೇರೆ ಬೇರೆ ಗುಣಗಳನ್ನು ಹೇಳ್ತಾ ಇದೀವಿ. ಗೀರು ಬೀಳದೇ ಇರೋದು ಗಡಸುತನ. ಭಾರ ಹಾಕಿದ್ರೆ ತಡೆದುಕೊಳ್ಳೋದು ಬಲ. ಬಾಗದೇ ಇರೋದು ಬಿಗಿತನ. ಪೆಟ್ಟು ಬಿದ್ರೂ ಸೀಳಿ ಹೋಗದೇ ಇರೋದು ತಾಳಿಕೆ. ಗಾಜಿಗೆ ಗಡಸುತನ ಇದೆ, ತಾಳಿಕೆ ಇಲ್ಲ. ಬಕೆಟ್‌ಗೆ ತಾಳಿಕೆ ಇದೆ, ಗಡಸುತನ ಇಲ್ಲ.

ಇವುಗಳ ಜೊತೆಗೆ ಇನ್ನೂ ಇವೆ. ಶಾಖವನ್ನು ಎಷ್ಟು ಬೇಗ ಸಾಗಿಸುತ್ತೆ, ಎಷ್ಟು ಡಿಗ್ರಿಗೆ ಕರಗುತ್ತೆ, ಎಷ್ಟು ತೂಕ, ಹುಣಸೆಹುಳಿ ತಾಗಿದ್ರೆ ಏನಾಗುತ್ತೆ, ಬೆಲೆ ಎಷ್ಟು. ಇಷ್ಟೆಲ್ಲ ಗುಣಗಳಲ್ಲಿ ಒಂದೇ ಮೆಟೀರಿಯಲ್ ಎಲ್ಲದರಲ್ಲೂ ಫಸ್ಟ್ ಕ್ಲಾಸ್ ಬರೋದಿಲ್ಲ.

ಕೇಂಬ್ರಿಜ್ ವಿಶ್ವವಿದ್ಯಾಲಯದ ಮೈಕಲ್ ಆಶ್ಬಿ ಅನ್ನೋ ಪ್ರೊಫೆಸರ್ ಇದಕ್ಕೊಂದು ದಾರಿ ಮಾಡಿಕೊಟ್ರು. ಒಂದು ಗ್ರಾಫ್. ಅಡ್ಡಕ್ಕೆ ಒಂದು ಗುಣ, ಉದ್ದಕ್ಕೆ ಇನ್ನೊಂದು ಗುಣ. ಉದಾಹರಣೆಗೆ ಇಲ್ಲಿ ತೂಕ, ಅಲ್ಲಿ ಬಲ. ಅದರ ಮೇಲೆ ಎಲ್ಲಾ ಮೆಟೀರಿಯಲ್‌ಗಳನ್ನೂ ಇಟ್ರೆ ಅವು ಗುಂಪು ಗುಂಪಾಗಿ ಕೂರುತ್ತವೆ. ಲೋಹಗಳೆಲ್ಲ ಒಂದು ಕಡೆ, ಪ್ಲಾಸ್ಟಿಕ್‌ಗಳೆಲ್ಲ ಒಂದು ಕಡೆ. ಡಿಸೈನರ್‌ಗಳು ಇವತ್ತಿಗೂ ಇದನ್ನು ಆಶ್ಬಿ ಚಾರ್ಟ್ ಅಂತಲೇ ಕರೀತಾರೆ. ಅವರ ವಿಂಗಡಣೆಯಲ್ಲಿ ಆರು ಕುಟುಂಬಗಳು: ಲೋಹ, ಪಾಲಿಮರ್ ಅಂದ್ರೆ ಪ್ಲಾಸ್ಟಿಕ್, ರಬ್ಬರ್ ಜಾತಿ, ಸೆರಾಮಿಕ್, ಗಾಜು, ಮತ್ತೆ ಇವುಗಳನ್ನು ಬೆರೆಸಿ ಅಥವಾ ಪದರ ಪದರವಾಗಿ ಸೇರಿಸಿ ಮಾಡಿದ ಹೈಬ್ರಿಡ್.

ಈಗ ಕುಕ್ಕರ್‌ಗೆ ಬರೋಣ. ಇದರ ಮೂಲ ಹಳೇದು. ಫ್ರಾನ್ಸಿನ ಡೆನಿಸ್ ಪಾಪಿನ್ 1679ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯವರಿಗೆ ತೋರಿಸಿದ ಉಗಿಪಾತ್ರೆಯೇ ಇದರ ಮುತ್ತಜ್ಜ. ಮುಚ್ಚಿದ ಪಾತ್ರೆಯಲ್ಲಿ ಉಗಿ ಕಟ್ಟಿಕೊಂಡ್ರೆ ನೀರು 100 ಡಿಗ್ರಿಗೆ ಕುದಿಯೋದಿಲ್ಲ, ಸುಮಾರು 120 ಡಿಗ್ರಿ ಸೆಲ್ಸಿಯಸ್‌ವರೆಗೆ ಹೋಗುತ್ತೆ. ಅದಕ್ಕೇ ಬೇಳೆ ಬೇಗ ಬೇಯೋದು.

ಆಗ ಒಳಗಿನ ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1 ಕೆ.ಜಿ. ಅಷ್ಟೇನಾ ಅನ್ನಬೇಡಿ. ಮುಚ್ಚಳದ ಅಗಲ 20 ಸೆಂಟಿಮೀಟರ್ ಅಂದುಕೊಳ್ಳಿ. ಅದರ ವಿಸ್ತೀರ್ಣ ಸುಮಾರು 314 ಚದರ ಸೆಂಟಿಮೀಟರ್. ಅಂದ್ರೆ ಕುಕ್ಕರ್ ಕೂಗೋ ಹೊತ್ತಿಗೆ ಆ ಮುಚ್ಚಳವನ್ನು ಒಳಗಿನಿಂದ ಸುಮಾರು 300 ಕೆ.ಜಿ.ಯಷ್ಟು ಬಲ ಮೇಲಕ್ಕೆ ತಳ್ತಾ ಇರುತ್ತೆ. 50 ಕೆ.ಜಿ.ಯ ಆರು ಮೂಟೆ ಅಕ್ಕಿಯ ತೂಕ! ಉಗಿ ಇಳಿಯೋ ಮುಂಚೆ ಮುಚ್ಚಳ ತೆಗೀಬೇಡ ಅಂತ ಅಮ್ಮ ಯಾಕೆ ಬೈತಾರೆ ಅನ್ನೋದಕ್ಕೆ ಈ ಲೆಕ್ಕ ಸಾಕು.

ಹೀಗಾಗಿ ಪಾತ್ರೆಯ ಮೈಗೆ ಲೋಹವೇ ಬೇಕು. ಗಾಜಿನಲ್ಲಿ ಮಾಡಿದ್ರೆ ಬೇಯೋದು ಕಣ್ಣಿಗೆ ಕಾಣ್ತಿತ್ತು, ಚೆನ್ನಾಗೇ ಇರ್ತಿತ್ತು. ಆದ್ರೆ ಗಾಜು ಪೆಡಸು. ಒಂದು ಸಣ್ಣ ಬಿರುಕು ಇದ್ರೂ ಸೂಚನೆಯೇ ಕೊಡದೆ ಒಡೆಯುತ್ತೆ. ಲೋಹ ಹಾಗಲ್ಲ, ತಗ್ಗುತ್ತೆ, ಉಬ್ಬುತ್ತೆ, ಬಾಗುತ್ತೆ, ಆಮೇಲೆ ಹರಿಯುತ್ತೆ. ಆರು ಕುಟುಂಬಗಳಲ್ಲಿ ಗಾಜು ಒಂದೇ ಒಂದು ಈ ಕುಕ್ಕರ್‌ನಲ್ಲಿ ಇಲ್ಲದೇ ಇರೋದು ಇದಕ್ಕೇ.

ಲೋಹದಲ್ಲಿ ಯಾವುದು? ಅಲ್ಯೂಮಿನಿಯಂ ಶಾಖವನ್ನು ಸ್ಟೇನ್‌ಲೆಸ್ ಸ್ಟೀಲ್‌ಗಿಂತ ಹತ್ತು ಪಟ್ಟಿಗೂ ಹೆಚ್ಚು ಚೆನ್ನಾಗಿ ಸಾಗಿಸುತ್ತೆ. ತೂಕ ಉಕ್ಕಿನ ಮೂರನೇ ಒಂದು ಭಾಗ. ಆದ್ರೆ ಹುಣಸೆ, ಟೊಮೆಟೊ ಹುಳಿಗೆ ಅಲ್ಯೂಮಿನಿಯಂ ಸವೆಯುತ್ತೆ. ಸ್ಟೀಲ್ ಹುಳಿಗೆ ಜಗ್ಗಲ್ಲ, ಆದ್ರೆ ಶಾಖವನ್ನು ಹರಡೋದಿಲ್ಲ, ತಳದಲ್ಲಿ ಒಂದೇ ಜಾಗದಲ್ಲಿ ಅನ್ನ ಸೀಯುತ್ತೆ. ಇದಕ್ಕೆ ಪರಿಹಾರ ಹೈಬ್ರಿಡ್. ಸ್ಟೀಲ್ ಕುಕ್ಕರ್‌ನ ತಳದಲ್ಲಿ ಎರಡು ಸ್ಟೀಲ್ ಪದರಗಳ ನಡುವೆ ಅಲ್ಯೂಮಿನಿಯಂ ಇಟ್ಟು ಸ್ಯಾಂಡ್‌ವಿಚ್ ಮಾಡ್ತಾರೆ. ಹೊರಗಿನ ಪದರ ಮ್ಯಾಗ್ನೆಟ್ ಹಿಡಿಯೋ ಜಾತಿಯ ಸ್ಟೀಲ್ ಆಗಿದ್ರೆ ಇಂಡಕ್ಷನ್ ಒಲೆ ಮೇಲೂ ನಡೆಯುತ್ತೆ. ಪಿಜಿಯಲ್ಲೋ ರೂಮಲ್ಲೋ ಇಂಡಕ್ಷನ್ ಇಟ್ಕೊಂಡಿರೋರು, ಕುಕ್ಕರ್ ಕೊಳ್ಳುವಾಗ ತಳಕ್ಕೆ ಫ್ರಿಜ್ ಮ್ಯಾಗ್ನೆಟ್ ಹಿಡಿದು ನೋಡಿ. ಅಂಟಿಕೊಂಡ್ರೆ ಸರಿ.

ಸೆರಾಮಿಕ್ ಎಲ್ಲಿದೆ? ಹಾರ್ಡ್ ಆನೊಡೈಸ್ಡ್ ಅಂತ ಬರೆದಿರೋ ಕಪ್ಪು ಕುಕ್ಕರ್ ನೋಡಿರ್ತೀರಿ. ಆ ಕಪ್ಪು ಬಣ್ಣ ಪೇಂಟ್ ಅಲ್ಲ. ಅಲ್ಯೂಮಿನಿಯಂ ಮೇಲ್ಮೈಯನ್ನೇ ವಿದ್ಯುತ್ ಹಾಯಿಸಿ ಅಲ್ಯೂಮಿನಿಯಂ ಆಕ್ಸೈಡ್ ಮಾಡಿರ್ತಾರೆ. ಅದು ಸೆರಾಮಿಕ್. ಮಾಣಿಕ್ಯದ ಕಲ್ಲು ಕೂಡ ರಾಸಾಯನಿಕವಾಗಿ ಅಲ್ಯೂಮಿನಿಯಂ ಆಕ್ಸೈಡೇ. ಒಳಗೆ ಲೋಹದ ತಾಳಿಕೆ, ಹೊರಗೆ ಕಲ್ಲಿನ ಗಡಸು.

ಇನ್ನು ಹಿಡಿ. ಅದು ಬಿಸಿ ಆಗಬಾರದು, ಕರಗಲೂಬಾರದು. ಬಕೆಟ್ ಪ್ಲಾಸ್ಟಿಕ್ ಹಾಕಿದ್ರೆ ಒಲೆಯ ಶಾಖಕ್ಕೆ ಮೆತ್ತಗಾಗಿ ಜೋತು ಬೀಳುತ್ತೆ. ಅದಕ್ಕೇ ಬೇಕಲೈಟ್. ಬೆಲ್ಜಿಯಂನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಲಿಯೋ ಬೇಕೆಲ್ಯಾಂಡ್ 1907ರಲ್ಲಿ ಕಂಡುಹಿಡಿದದ್ದು. ಪ್ಲಾಸ್ಟಿಕ್‌ನಲ್ಲಿ ಎರಡು ಜಾತಿ ಇದೆ. ಒಂದು ಬೆಲ್ಲದ ಪಾಕದ ಥರ: ಕಾಯಿಸಿದ್ರೆ ಕರಗುತ್ತೆ, ಆರಿದ್ರೆ ಗಟ್ಟಿ, ಮತ್ತೆ ಕಾಯಿಸಿದ್ರೆ ಮತ್ತೆ ಕರಗುತ್ತೆ. ಇದು ಥರ್ಮೊಪ್ಲಾಸ್ಟಿಕ್. ಇನ್ನೊಂದು ಇಡ್ಲಿ ಥರ: ಒಮ್ಮೆ ಬೆಂದ ಮೇಲೆ ಎಷ್ಟು ಕಾಯಿಸಿದ್ರೂ ವಾಪಸ್ ಹಿಟ್ಟಾಗಲ್ಲ. ಇದು ಥರ್ಮೊಸೆಟ್. ಬೇಕಲೈಟ್ ಇಡ್ಲಿ ಜಾತಿ. ಕರಗಲ್ಲ, ಅತಿಯಾದ್ರೆ ಸೀದುಹೋಗುತ್ತೆ. ಆದ್ರೆ ಕರಗಿಸಿ ಮತ್ತೆ ಬಳಸೋಕೂ ಆಗಲ್ಲ, ಕೆಳಗೆ ಬಿದ್ರೆ ಸೀಳುತ್ತೆ. ಗುಣದ ಜೊತೆಗೇ ದೋಷ ಬರುತ್ತೆ.

ಗ್ಯಾಸ್ಕೆಟ್ ರಬ್ಬರ್ ಜಾತಿ. ಅದರ ಕೆಲಸ ಅದುಮಿಸಿಕೊಂಡು ಸಂದು ಮುಚ್ಚೋದು, ಬಿಟ್ಟ ತಕ್ಷಣ ಮೊದಲಿನ ಆಕಾರಕ್ಕೆ ಬರೋದು. ದಿನಾ ಬಿಸಿ, ಉಗಿ, ಎಣ್ಣೆ ತಾಗಿ ತಾಗಿ ರಬ್ಬರ್‌ಗೆ ವಯಸ್ಸಾಗುತ್ತೆ, ಬಿರುಸಾಗುತ್ತೆ. ಇನ್ನೊಂದು ವಿಷಯ. ಹೊರಗಡೆ ಮುಚ್ಚಳ ಕೂರೋ ಹಲವು ಕುಕ್ಕರ್‌ಗಳ ಮುಚ್ಚಳದ ಅಂಚಲ್ಲಿ ಒಂದು ಸಣ್ಣ ಕಿಂಡಿ ಇರುತ್ತೆ. ಒಡೆದು ಹೋಗಿದೆ ಅಂದ್ಕೋಬೇಡಿ. ಒತ್ತಡ ಮಿತಿಮೀರಿದ್ರೆ ಗ್ಯಾಸ್ಕೆಟ್ ಆ ಕಿಂಡಿಯಿಂದ ಹೊರಗೆ ಉಬ್ಬಿ ಉಗಿಗೆ ದಾರಿ ಬಿಡಲಿ ಅಂತ ಮಾಡಿರೋದು. ರಬ್ಬರ್ ಮೆತ್ತಗಿದ್ರೆ ಮಾತ್ರ ಆ ಕೆಲಸ ಆಗುತ್ತೆ.

ಈಗ ನಾನು ಮೊದಲು ಹೇಳಿದ ಭಾಗ. ಸೇಫ್ಟಿ ವಾಲ್ವ್. ಮುಚ್ಚಳದ ಮೇಲಿರೋ ಗುಂಡಿಯಂಥ ವಸ್ತು. ಅದರ ಹೊಟ್ಟೆಯಲ್ಲಿ ಬೇಗ ಕರಗೋ ಒಂದು ಮಿಶ್ರಲೋಹ ಇರುತ್ತೆ. ಲೋಹಗಳನ್ನು ಬೆರೆಸಿದ್ರೆ ಒಂದು ವಿಚಿತ್ರ ನಡೆಯುತ್ತೆ. ತವರ 232 ಡಿಗ್ರಿಗೆ ಕರಗುತ್ತೆ, ಸೀಸ 327ಕ್ಕೆ. ಎರಡನ್ನೂ ಸರಿಯಾದ ಪ್ರಮಾಣದಲ್ಲಿ ಬೆರೆಸಿದ್ರೆ 183ಕ್ಕೇ ಕರಗುತ್ತೆ, ಎರಡಕ್ಕಿಂತಲೂ ಕಡಿಮೆ! ಬೆಸುಗೆ ಹಾಕೋರು ಬಳಸೋದು ಇದನ್ನೇ. ಹೀಗೆ ಬೆರಕೆಯನ್ನು ಬದಲಾಯಿಸ್ತಾ ಹೋದ್ರೆ ನಮಗೆ ಬೇಕಾದ ಶಾಖಕ್ಕೆ ಕರಗೋ ಲೋಹ ಮಾಡ್ಕೋಬಹುದು.

ಕುಕ್ಕರ್‌ಗೆ ಬೇಕಾದ್ದು ಎಂಥದ್ದು? ದಿನನಿತ್ಯದ 120 ಡಿಗ್ರಿಗೆ ಅಲುಗಾಡಬಾರದು. ಆದ್ರೆ ವೇಟ್ ಕೆಳಗಿನ ಉಗಿ ಕೊಳವೆಯಲ್ಲಿ ಬೇಳೆ ಸಿಕ್ಕಿಕೊಂಡು ಒತ್ತಡ ಏರಿತು ಅಂದುಕೊಳ್ಳಿ, ಉಗಿಯ ಶಾಖವೂ ಏರುತ್ತೆ. ಒತ್ತಡ ಮಾಮೂಲಿನ ಎರಡರಷ್ಟಾದ್ರೆ ಸುಮಾರು 134 ಡಿಗ್ರಿ. ನೀರು ಪೂರ್ತಿ ಆರಿದ್ರಂತೂ ಕೇಳೋದೇ ಬೇಡ. ಈ ಲೆಕ್ಕ ನೋಡಿಕೊಂಡೇ ಮಿಶ್ರಲೋಹ ಆರಿಸ್ತಾರೆ. ಮಿತಿ ದಾಟಿದ ಕೂಡಲೇ ಅದು ಕರಗಿ, ತೂತು ತೆರೆದು, ಉಗಿ ಹೊರಗೆ ಹೋಗುತ್ತೆ. ವಾಲ್ವ್ ಹಾಳಾಗುತ್ತೆ, ಮನೆಯವರು ಉಳೀತಾರೆ.

ಅಂದ್ರೆ ಇಲ್ಲಿ ಬೇಕಾಗಿರೋ ಗುಣ ಬಲ ಅಲ್ಲ. ಮಿಕ್ಕ ಎಲ್ಲ ಭಾಗಗಳಿಗಿಂತ ಮೊದಲು ಸೋಲೋದೇ ಇದರ ಕೆಲಸ. ಇಂಥ ಜಾಗಕ್ಕೆ ಯಾರೋ ಬೋಲ್ಟ್ ತಿರುಗಿಸ್ತಾರೆ, ಎಂ-ಸೀಲ್ ಮೆತ್ತುತಾರೆ, ಅಥವಾ ನೋಡೋಕೆ ಹಾಗೇ ಇರೋ ಯಾವುದೋ ವಾಲ್ವ್ ಹಾಕ್ತಾರೆ. ಕುಕ್ಕರ್ ಮಾಮೂಲಿನಂತೆ ಕೂಗುತ್ತೆ, ಅನ್ನವೂ ಆಗುತ್ತೆ. ವ್ಯತ್ಯಾಸ ಗೊತ್ತಾಗೋದು ಕೊಳವೆ ಕಟ್ಟಿಕೊಂಡ ದಿನ ಮಾತ್ರ. ಆವತ್ತು ವಾಲ್ವ್ ಸೋಲದಿದ್ರೆ ಮುಚ್ಚಳವೋ ಪಾತ್ರೆಯೋ ಸೋಲಬೇಕು. ಅದಕ್ಕೇ ನಾನು ಹೇಳೋದು, ಬಿಡಿಭಾಗ ಬದಲಾಯಿಸುವಾಗ ಆಕಾರ ನೋಡಿದ್ರೆ ಸಾಲದು. ಆ ಮೆಟೀರಿಯಲ್ ಅನ್ನು ಯಾವ ಗುಣಕ್ಕಾಗಿ ಅಲ್ಲಿ ಇಟ್ಟಿದ್ರು ಅಂತ ಕೇಳ್ಕೋಬೇಕು.

ಕೊನೆಗೆ ನಿಮ್ಮ ಮನೆಯ ಕುಕ್ಕರ್‌ಗೆ ಐದು ನಿಮಿಷದ ಪರೀಕ್ಷೆ. ಆರಿರೋ ಕುಕ್ಕರ್‌ನ ಮುಚ್ಚಳ ತೆಗೆದು ಉಗಿ ಕೊಳವೆಯನ್ನು ಬೆಳಕಿಗೆ ಹಿಡಿಯಿರಿ, ಆ ಕಡೆ ಬೆಳಕು ಕಾಣಬೇಕು. ಗ್ಯಾಸ್ಕೆಟ್ ಮಡಚಿ ಬಿಡಿ. ಬಿರುಕು ಕಂಡ್ರೆ, ಮೊದಲಿನ ಆಕಾರಕ್ಕೆ ಬರದೇ ಇದ್ರೆ, ಬದಲಾಯಿಸಿ. ಹಿಡಿ ಸೀಳಿದ್ರೆ ಟೇಪ್ ಸುತ್ತಬೇಡಿ, ಹೊಸದು ಹಾಕಿಸಿ. ಸೇಫ್ಟಿ ವಾಲ್ವ್ ಹೋಗಿದ್ರೆ ಮೊದಲು ಯಾಕೆ ಹೋಯ್ತು ಅಂತ ನೋಡಿ: ನೀರು ಆರಿತ್ತಾ, ಕೊಳವೆ ಕಟ್ಟಿತ್ತಾ? ಆಮೇಲೆ ಅದೇ ಕಂಪನಿಯ, ಅದೇ ಮಾಡೆಲ್‌ನ ವಾಲ್ವ್ ತನ್ನಿ.

ಹೊಸ ಕುಕ್ಕರ್ ಆನ್‌ಲೈನ್‌ನಲ್ಲಿ ಕೊಳ್ಳೋರು ಗಮನಿಸಿ. 2021ರ ಫೆಬ್ರವರಿ 1ರಿಂದ ನಮ್ಮ ದೇಶದಲ್ಲಿ ಮನೆಬಳಕೆಯ ಪ್ರೆಶರ್ ಕುಕ್ಕರ್‌ಗೆ ಐಎಸ್‌ಐ ಮುದ್ರೆ ಕಡ್ಡಾಯ. ಐಎಸ್ 2347 ಅನ್ನೋದು ಅದರ ಮಾನದಂಡ. ಮುದ್ರೆಯ ಜೊತೆ ಸಿಎಂ/ಎಲ್ ಅಂತ ಶುರುವಾಗೋ ಲೈಸೆನ್ಸ್ ನಂಬರ್ ಇರುತ್ತೆ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ನಂಬರ್ ಹಾಕಿ ನೋಡಿದ್ರೆ ಅಸಲಿಯೋ ನಕಲಿಯೋ ಗೊತ್ತಾಗುತ್ತೆ. ಫೋನ್ ಹೇಗೂ ಕೈಯಲ್ಲೇ ಇದೆಯಲ್ಲ.

ಊರಲ್ಲಿ ಅಪ್ಪ ಅಮ್ಮ ಹಳೇ ಕುಕ್ಕರ್ ಬಳಸ್ತಾ ಇದ್ರೆ, ಇವತ್ತು ರಾತ್ರಿ ಫೋನ್ ಮಾಡಿದಾಗ ಆ ವಾಲ್ವ್ ಯಾವಾಗ, ಎಲ್ಲಿಂದ ತಂದಿದ್ದು ಅಂತ ಒಂದು ಮಾತು ಕೇಳಿ.